ಇಮ್ಯುನೋಥೆರಪಿ ನಡೆಯುವಾಗ ಹೊಟ್ಟೆ ಕೆಟ್ಟರೆ ಮೊದಲು ಫೋನ್, ಆಮೇಲೆ ಮಾತ್ರೆ

ಮೈಸೂರಿನ ಯಾವ ಕ್ಯಾನ್ಸರ್ ಆಸ್ಪತ್ರೆಯ ಡೇ ಕೇರ್ ವಾರ್ಡಿನ ಹೊರಗೆ ಕೂತರೂ ಈ ಮಾತು ಕಿವಿಗೆ ಬೀಳುತ್ತದೆ: "ನಮ್ಮೋರಿಗೆ ಕೀಮೋ ಅಲ್ಲ, ಇಮ್ಯುನೋ. ಕೂದ್ಲು ಉದುರಲ್ಲ, ವಾಂತಿ ಇಲ್ಲ." ಮಾತು ಸುಳ್ಳಲ್ಲ. ಇಮ್ಯುನೋಥೆರಪಿ ಒಂದನ್ನೇ ಕೊಟ್ಟಾಗ ಬಹಳ ಜನ ಇಂಜೆಕ್ಷನ್ ಮುಗಿಸಿ ಸಂಜೆ ಬಸ್ಸಿಗೇ ಊರಿಗೆ ಹೋಗಿ, ಮಾರನೇ ದಿನ ಎಂದಿನ ಕೆಲಸ ಮಾಡುತ್ತಾರೆ. ತೊಂದರೆ ಏನೆಂದರೆ, ಈ ಮಾತು ಕೇಳಿದವರು ಸೈಡ್ ಎಫೆಕ್ಟೇ ಇಲ್ಲ ಎಂದುಕೊಂಡುಬಿಡುತ್ತಾರೆ. ಇದೆ. ಆದರೆ ಕೀಮೋ ತರಹ ಇಲ್ಲ. ಬರುವ ಕಾಲ ಬೇರೆ, ಬರುವ ರೀತಿ ಬೇರೆ, ಅದಕ್ಕೆ ಕೊಡುವ ಔಷಧಿಯೂ ಬೇರೆ.

ಕೀಮೋ ಬೇಗ ಬೇಗ ಬೆಳೆಯುವ ಕೋಶಗಳನ್ನು ಕೊಲ್ಲುತ್ತದೆ. ಕ್ಯಾನ್ಸರ್ ಕೋಶದ ಜೊತೆಗೆ ಕೂದಲ ಬುಡ, ಬಾಯಿಯ ಒಳಪದರ, ರಕ್ತ ಹುಟ್ಟುವ ಮಜ್ಜೆ ಎಲ್ಲಕ್ಕೂ ಏಟು ಬೀಳುತ್ತದೆ. ಇಮ್ಯುನೋಥೆರಪಿ ಕ್ಯಾನ್ಸರನ್ನು ತಾನೇ ನೇರವಾಗಿ ಕೊಲ್ಲುವುದಿಲ್ಲ. ನಮ್ಮ ರಕ್ತದಲ್ಲಿರುವ ಟಿ ಕೋಶಗಳೆಂಬ ಬಿಳಿ ರಕ್ತಕಣಗಳಿಗೆ ರೋಗದ ಜೊತೆ ಹೋರಾಡುವ ಶಕ್ತಿ ಇದೆ. ಅವು ಅತಿಯಾಗಿ ಹಾರಾಡದಂತೆ ದೇಹವೇ ಒಂದಷ್ಟು ತಡೆಗಳನ್ನು ಇಟ್ಟಿದೆ. ಪಿಡಿ-1, ಸಿಟಿಎಲ್‌ಎ-4 ಎನ್ನುವುದು ಆ ತಡೆಗಳ ಹೆಸರು. ಕೆಲವು ಕ್ಯಾನ್ಸರ್‌ಗಳು ಇದೇ ತಡೆಯ ಮರೆಯಲ್ಲಿ ಬಚಾವಾಗುತ್ತವೆ. ತಡೆಯನ್ನು ತೆಗೆದರೆ ಟಿ ಕೋಶಗಳು ಕ್ಯಾನ್ಸರ್ ಮೇಲೆ ಬೀಳುತ್ತವೆ ಎಂದು ತೋರಿಸಿದ್ದಕ್ಕೆ ಅಮೆರಿಕದ ಜೇಮ್ಸ್ ಆಲಿಸನ್ ಮತ್ತು ಜಪಾನಿನ ತಸುಕು ಹೊಂಜೊ ಅವರಿಗೆ 2018ರಲ್ಲಿ ನೊಬೆಲ್ ಬಂತು. ನಿವೊಲುಮ್ಯಾಬ್, ಪೆಂಬ್ರೊಲಿಜುಮ್ಯಾಬ್, ಅಟೆಜೊಲಿಜುಮ್ಯಾಬ್, ಡುರ್ವಾಲುಮ್ಯಾಬ್, ಇಪಿಲಿಮುಮ್ಯಾಬ್ ಎಲ್ಲ ಈ ಜಾತಿಯ ಔಷಧಿಗಳೇ.

ಮಂಡ್ಯ ಕಡೆಯವರಿಗೆ ಇದನ್ನು ನಾಲೆಯ ತೂಬಿನ ಲೆಕ್ಕದಲ್ಲಿ ಹೇಳಬಹುದು. ನಮ್ಮ ಗದ್ದೆಗೆ ನೀರು ಬೇಕೆಂದು ತೂಬು ಎತ್ತಿದರೆ, ನೀರು ನಮ್ಮ ಬದುವಿನೊಳಗೇ ನಿಲ್ಲಬೇಕು ಅಂತೇನಿಲ್ಲ. ಪಕ್ಕದವರ ಗದ್ದೆಗೂ ನುಗ್ಗಬಹುದು. ತಡೆ ತೆಗೆದ ಮೇಲೆ ಟಿ ಕೋಶಗಳೂ ಹಾಗೆಯೇ. ಕರುಳು, ಥೈರಾಯ್ಡ್, ಶ್ವಾಸಕೋಶ, ಲಿವರ್, ಚರ್ಮ, ಕೀಲು, ಅಪರೂಪಕ್ಕೆ ಹೃದಯ, ಎಲ್ಲಿ ಬೇಕಾದರೂ ನುಗ್ಗಬಹುದು. ಅಲ್ಲಿ ಆಗುವುದು ಸೋಂಕಲ್ಲ, ವಿಷವೂ ಅಲ್ಲ. ಸ್ವಂತ ಪಡೆ ಎಬ್ಬಿಸಿದ ಉರಿಯೂತ. ಈ ಒಂದು ವಿಷಯ ತಲೆಯಲ್ಲಿದ್ದರೆ ಮುಂದಿನದೆಲ್ಲ ಸುಲಭವಾಗಿ ಅರ್ಥವಾಗುತ್ತದೆ. ಸೋಂಕಲ್ಲದ ಮೇಲೆ ಆಂಟಿಬಯಾಟಿಕ್‌ನಿಂದ ವಾಸಿಯಾಗುವುದಿಲ್ಲ. ಉರಿಯೂತ ತಣ್ಣಗಾಗದೆ ಭೇದಿ ನಿಲ್ಲಿಸುವ ಮಾತ್ರೆ ನುಂಗಿದರೆ ಲಕ್ಷಣ ಮುಚ್ಚಿಹೋಗುತ್ತದೆ, ಒಳಗಿನ ಹುಣ್ಣು ಹಾಗೇ ಇರುತ್ತದೆ.

ಯಾವಾಗ ಬರುತ್ತದೆ ಎನ್ನುವುದೂ ಮುಖ್ಯ. ಕೀಮೋದ ವಾಂತಿ, ಸುಸ್ತು ಕೆಲವೇ ದಿನದಲ್ಲಿ ಕಾಣಿಸಿಕೊಳ್ಳುತ್ತದೆ. ಇಲ್ಲಿ ಹಾಗಲ್ಲ. ಚರ್ಮದ ತುರಿಕೆ ಸಾಮಾನ್ಯವಾಗಿ ಮೊದಲ ಕೆಲವು ವಾರಗಳಲ್ಲಿ ಬರುತ್ತದೆ. ಕರುಳು, ಲಿವರ್ ತೊಂದರೆ ಒಂದೆರಡು ತಿಂಗಳಾದ ಮೇಲೆ. ಥೈರಾಯ್ಡ್, ಮೆದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯದ್ದು ಇನ್ನೂ ನಿಧಾನ. ಇಂಜೆಕ್ಷನ್ ನಿಲ್ಲಿಸಿ ತಿಂಗಳುಗಟ್ಟಲೆ ಆದ ಮೇಲೂ, ಕೆಲವರಿಗೆ ವರ್ಷದ ಮೇಲೂ, ಹೊಸದಾಗಿ ಶುರುವಾಗಬಹುದು. ಆ ಹೊತ್ತಿಗೆ ಮನೆಯವರು ಫೈಲನ್ನು ಬೀರುವಿಗೆ ಸೇರಿಸಿರುತ್ತಾರೆ. ಇದಕ್ಕೂ ಅದಕ್ಕೂ ಸಂಬಂಧ ಇದೆ ಅಂತ ಯಾರಿಗೂ ಹೊಳೆಯುವುದಿಲ್ಲ.

ನಮ್ಮ ಚಿಕ್ಕಪ್ಪನ ವಿಷಯ ಹೇಳುತ್ತೇನೆ. ಮದ್ದೂರಿನ ಹತ್ತಿರದ ಹಳ್ಳಿ, ಶ್ವಾಸಕೋಶದ ಕ್ಯಾನ್ಸರ್, ಮೂರು ವಾರಕ್ಕೊಮ್ಮೆ ಮೈಸೂರಿಗೆ ಬಂದು ಇಂಜೆಕ್ಷನ್. ಒಂದು ಭಾನುವಾರ ಬೀಗರೂಟಕ್ಕೆ ಹೋಗಿ ಬಂದರು. ಮಂಗಳವಾರ ನಾನು ಸುಮ್ನೆ ಫೋನ್ ಮಾಡಿದಾಗ ಚಿಕ್ಕಮ್ಮ ಎತ್ತಿದರು.

"ಬಾಡೂಟ ಜಾಸ್ತಿ ಆಗೈತೆ ಕಣಪ್ಪ, ಹೊಟ್ಟೆ ಕೆಟ್ಟದೆ. ಮೆಡಿಕಲ್ಸಲ್ಲಿ ಮಾತ್ರೆ ತಂದು ಕೊಟ್ಟಿವ್ನಿ. ಮಜ್ಜಿಗೆ ಅನ್ನ ಉಂಡ್ರೆ ಸರಿಹೋಯ್ತದೆ."

"ದಿನಕ್ಕೆ ಎಷ್ಟು ಸಲ ಹೋಗ್ತಿದ್ದಾರೆ ಚಿಕ್ಕಮ್ಮ?"

"ಎಣಿಸ್ಕೊಂಡ್ ಕೂತಿದ್ದೀನಾ? ರಾತ್ರಿನೇ ಮೂರ್ ಸಲ ಎದ್ದವ್ರೆ."

ಚಿಕ್ಕಪ್ಪನಿಗೆ ಫೋನ್ ಕೊಡಿ ಎಂದೆ. ಅವರು ದನಿ ತಗ್ಗಿಸಿ ಹೇಳಿದರು: "ಡಾಕ್ಟ್ರಿಗೆ ಹೇಳ್ಬೇಡ ಕಣೋ. ಹೇಳಿದ್ರೆ ಇಂಜೆಕ್ಷನ್ ನಿಲ್ಲಿಸ್ಬುಡ್ತಾರೆ."

ಅಸಲಿ ವಿಷಯ ಇದು. ಗೊತ್ತಿಲ್ಲದೆ ಸುಮ್ಮನಿರುವವರು ಕೆಲವರಾದರೆ, ಗೊತ್ತಿದ್ದೂ ಬಾಯಿ ಬಿಡದವರು ಇನ್ನೂ ಜಾಸ್ತಿ. ಸಾಲ ಮಾಡಿ, ಒಡವೆ ಅಡವಿಟ್ಟು ಶುರು ಮಾಡಿದ ಚಿಕಿತ್ಸೆ. ಅದು ನಿಂತುಬಿಟ್ಟರೆ ಎಂಬ ಹೆದರಿಕೆ. ಲೆಕ್ಕ ಮಾತ್ರ ಉಲ್ಟಾ ಇದೆ. ಬೇಗ ಹೇಳಿದರೆ ಒಂದೆರಡು ಡೋಸ್ ಮುಂದಕ್ಕೆ ಹೋಗಬಹುದು ಅಷ್ಟೆ. ಮುಚ್ಚಿಟ್ಟು ಕರುಳಿಗೆ ರಂಧ್ರವಾಗುವ ಮಟ್ಟಕ್ಕೆ ಹೋದರೆ, ಆ ಔಷಧಿ ಕಾಯಂ ಆಗಿ ನಿಲ್ಲುತ್ತದೆ.

ಡಾಕ್ಟರು ಎಷ್ಟು ಸಲ ಎಂದು ಕೇಳುವುದು ಸುಮ್ಮನಲ್ಲ. ಭೇದಿಯ ತೀವ್ರತೆಯನ್ನು ಅಳೆಯುವುದೇ ಆ ಲೆಕ್ಕದಿಂದ. ಮಾಮೂಲಿಗಿಂತ ದಿನಕ್ಕೆ ಮೂರು ಸಲದವರೆಗೆ ಜಾಸ್ತಿಯಾದರೆ ಗ್ರೇಡ್ 1. ನಾಲ್ಕರಿಂದ ಆರು ಸಲ ಜಾಸ್ತಿಯಾದರೆ ಗ್ರೇಡ್ 2. ಏಳು ಅಥವಾ ಅದಕ್ಕಿಂತ ಹೆಚ್ಚಾದರೆ ಗ್ರೇಡ್ 3, ಆಸ್ಪತ್ರೆಗೆ ಸೇರಬೇಕಾದ ಸ್ಥಿತಿ. ಜೀವಕ್ಕೇ ಅಪಾಯವಾದರೆ ಗ್ರೇಡ್ 4. ಮಲದಲ್ಲಿ ರಕ್ತ ಅಥವಾ ಲೋಳೆ ಕಂಡರೆ, ಹೊಟ್ಟೆ ಹಿಂಡಿದಂತೆ ನೋವಿದ್ದರೆ, ರಾತ್ರಿ ನಿದ್ದೆಯಿಂದ ಎಬ್ಬಿಸುವಂತಿದ್ದರೆ ಎಣಿಸುತ್ತಾ ಕೂರಬೇಡಿ, ಹೊರಡಿ. ಹೋಗುವ ತನಕ ಓಆರ್‌ಎಸ್ ಕುಡಿಸುತ್ತಿರಿ. ಆಸ್ಪತ್ರೆಯಲ್ಲಿ ಮೊದಲು ಮಲ ಪರೀಕ್ಷೆ ಮಾಡಿ ಸೋಂಕು ಇಲ್ಲವೆಂದು ನೋಡುತ್ತಾರೆ. ಬೀಗರೂಟದ ಭೇದಿಯೂ ಇರಬಹುದು ಅಲ್ವಾ? ಬೇಕಿದ್ದರೆ ಕೊಳವೆ ಹಾಕಿ ಕರುಳಿನ ಒಳಗೆ ನೋಡುತ್ತಾರೆ. ಭೇದಿ ನಿಲ್ಲಿಸುವ ಮಾತ್ರೆ ಕೊಡಲೇಬಾರದು ಅಂತಿಲ್ಲ. ಸಣ್ಣ ಮಟ್ಟದಲ್ಲಿ ಕ್ಯಾನ್ಸರ್ ಡಾಕ್ಟರೇ ಕೊಡಬಹುದು. ಅಂಗಡಿಯಿಂದ ನಾವೇ ತಂದು ಕೊಟ್ಟರೆ ಈ ಲೆಕ್ಕವೆಲ್ಲ ತಪ್ಪುತ್ತದೆ, ಅಷ್ಟೆ. ಚಿಕ್ಕಪ್ಪ ಅವತ್ತೇ ಮಧ್ಯಾಹ್ನ ಮೈಸೂರಿಗೆ ಬಂದರು. ಗ್ರೇಡ್ 2 ಎಂದರು. ಇಂಜೆಕ್ಷನ್ ತಾತ್ಕಾಲಿಕವಾಗಿ ನಿಲ್ಲಿಸಿ ಸ್ಟೀರಾಯ್ಡ್ ಶುರು ಮಾಡಿದರು.

ಸ್ಟೀರಾಯ್ಡ್ ಅಂದ ತಕ್ಷಣ ಮನೆಯಲ್ಲಿ ಗಲಾಟೆ. ಮೂಳೆ ಸವೆಯುತ್ತದೆ, ಮುಖ ಊದುತ್ತದೆ, ಒಮ್ಮೆ ಹಿಡಿದರೆ ಬಿಡಲ್ಲ ಎಂದು ಒಬ್ಬೊಬ್ಬರದು ಒಂದೊಂದು ಮಾತು. ಇಲ್ಲಿ ಸ್ಟೀರಾಯ್ಡೇ ಮುಖ್ಯ ಮದ್ದು. ಟಿ ಕೋಶಗಳ ಅಬ್ಬರವನ್ನು ಬೇಗ ಇಳಿಸುವುದು ಅದೇ. ಗ್ರೇಡ್ 1ಕ್ಕೆ ಸಾಮಾನ್ಯವಾಗಿ ಬೇಕಾಗುವುದಿಲ್ಲ, ಕಣ್ಣಿಟ್ಟಿದ್ದರೆ ಸಾಕು. ಗ್ರೇಡ್ 2ಕ್ಕೆ ದಿನಕ್ಕೆ ದೇಹದ ತೂಕದ ಪ್ರತಿ ಕೆಜಿಗೆ ಅರ್ಧದಿಂದ 1 ಮಿಲಿಗ್ರಾಂ ಪ್ರೆಡ್ನಿಸೊಲೋನ್ ಎಂಬ ಸ್ಟೀರಾಯ್ಡಿನ ಲೆಕ್ಕ. ಗ್ರೇಡ್ 3, 4ಕ್ಕೆ 1ರಿಂದ 2 ಮಿಲಿಗ್ರಾಂ, ಅನೇಕ ಸಲ ರಕ್ತನಾಳದ ಮೂಲಕವೇ. ಮೂರು ದಿನದಲ್ಲಿ ಭೇದಿ ಹಿಡಿತಕ್ಕೆ ಬರದಿದ್ದರೆ ಇನ್‌ಫ್ಲಿಕ್ಸಿಮ್ಯಾಬ್, ವೆಡೊಲಿಜುಮ್ಯಾಬ್‌ನಂಥ ಬೇರೆ ಔಷಧಿಗಳಿವೆ. ಇನ್‌ಫ್ಲಿಕ್ಸಿಮ್ಯಾಬ್ ಕೊಡುವ ಮುಂಚೆ ಟಿಬಿ ಮತ್ತು ಹೆಪಟೈಟಿಸ್ ಬಿ ಪರೀಕ್ಷೆ ಮಾಡುತ್ತಾರೆ. ಒಳಗೆ ಮಲಗಿರುವ ಟಿಬಿಯನ್ನು ಅದು ಎಬ್ಬಿಸಬಹುದು. ನಮ್ಮ ದೇಶದಲ್ಲಿ ಇದು ಸಣ್ಣ ವಿಷಯವಲ್ಲ.

ಸ್ಟೀರಾಯ್ಡ್ ಕೊಟ್ಟರೆ ಇಮ್ಯುನೋ ಕೆಲಸವೇ ಹಾಳಾಗುತ್ತದಲ್ಲ ಎಂದು ಓದಿಕೊಂಡವರು ಕೇಳುತ್ತಾರೆ. ಒಳ್ಳೆಯ ಪ್ರಶ್ನೆ. ಸೈಡ್ ಎಫೆಕ್ಟಿಗಾಗಿ ಸ್ಟೀರಾಯ್ಡ್ ತೆಗೆದುಕೊಂಡವರಲ್ಲೂ ಕ್ಯಾನ್ಸರ್ ಹಿಡಿತದಲ್ಲೇ ಇರುವುದನ್ನು ಅಧ್ಯಯನಗಳು ತೋರಿಸಿವೆ. ಈ ಕಾರಣಕ್ಕೆ ಮಾತ್ರೆ ಬಿಡುವುದು ಬೇಡ.

ಮಾತ್ರೆಯ ದಿನಚರಿ ಗಮನವಿಟ್ಟು ನೋಡಿಕೊಳ್ಳಬೇಕು. ಬೆಳಗ್ಗೆ ತಿಂಡಿಯ ನಂತರ ತೆಗೆದುಕೊಂಡರೆ ಹೊಟ್ಟೆಗೂ ಒಳ್ಳೆಯದು, ರಾತ್ರಿ ನಿದ್ದೆಯೂ ಕೆಡುವುದಿಲ್ಲ. ಶುಗರ್ ಇರುವವರಿಗೆ ಶುಗರ್ ಏರುತ್ತದೆ, ಇಲ್ಲದವರಿಗೂ ಏರಬಹುದು. ಬೆಳಗ್ಗೆ ಮಾತ್ರೆ ತೆಗೆದುಕೊಂಡರೆ ಜಾಸ್ತಿ ಏರುವುದು ಮಧ್ಯಾಹ್ನದ ಊಟದ ಮೇಲೆ. ಖಾಲಿ ಹೊಟ್ಟೆಯ ಶುಗರ್ ಮಾತ್ರ ನೋಡಿ ನಾರ್ಮಲ್ ಎಂದು ಕೂತರೆ ಮೋಸ ಹೋಗುತ್ತೀರಿ. ಮಧ್ಯಾಹ್ನ ಎರಡು ಮುದ್ದೆ ಉಣ್ಣುವವರು ಊಟವಾಗಿ ಎರಡು ಗಂಟೆಯ ಮೇಲೆ ಒಮ್ಮೆ ಚೆಕ್ ಮಾಡಿಸಲಿ. ಭೇದಿ ನಾಲ್ಕೇ ದಿನದಲ್ಲಿ ನಿಂತರೂ ಸ್ಟೀರಾಯ್ಡ್ ನಾಲ್ಕೇ ದಿನಕ್ಕೆ ನಿಲ್ಲುವುದಿಲ್ಲ. ನಾಲ್ಕರಿಂದ ಆರು ವಾರ, ಕೆಲವೊಮ್ಮೆ ಇನ್ನೂ ಹೆಚ್ಚು ಕಾಲ, ಸ್ವಲ್ಪ ಸ್ವಲ್ಪವೇ ಇಳಿಸುತ್ತಾ ಬರುತ್ತಾರೆ. ಗುಣವಾಯಿತೆಂದು ದಿಢೀರನೆ ಬಿಟ್ಟರೆ ಎರಡು ಕಷ್ಟ. ಉರಿಯೂತ ಮತ್ತೆ ಏಳುತ್ತದೆ. ಜೊತೆಗೆ ದೇಹ ತಾನೇ ಮಾಡಿಕೊಳ್ಳುತ್ತಿದ್ದ ಸ್ಟೀರಾಯ್ಡ್ ನಿಂತಿರುವುದರಿಂದ ಬಿಪಿ ಬಿದ್ದು ತಲೆ ಸುತ್ತಿ ಕೆಡವುತ್ತದೆ. ಹೆಚ್ಚು ಡೋಸ್ ಸುಮಾರು ನಾಲ್ಕು ವಾರ ಅಥವಾ ಅದಕ್ಕಿಂತ ಹೆಚ್ಚು ನಡೆದರೆ ಒಂದು ಬಗೆಯ ನ್ಯುಮೋನಿಯಾ ತಡೆಯಲು ಕೋ-ಟ್ರೈಮಾಕ್ಸಜೋಲ್ ಎಂಬ ಆಂಟಿಬಯಾಟಿಕ್, ಮೂಳೆಗೆ ಕ್ಯಾಲ್ಸಿಯಂ, ವಿಟಮಿನ್ ಡಿ ಕೊಡುವ ಪದ್ಧತಿ ಇದೆ. ಚೀಟಿಯಲ್ಲಿ ಇವು ಕಾಣದಿದ್ದರೆ ಕೇಳಿ.

ಹಾರ್ಮೋನ್ ಗ್ರಂಥಿಗಳ ಕಥೆ ಇದಕ್ಕಿಂತ ಬೇರೆ. ಪಿಡಿ-1 ತಡೆಯನ್ನು ತೆಗೆಯುವ ಔಷಧಿ ತೆಗೆದುಕೊಳ್ಳುವವರಲ್ಲಿ ನೂರಕ್ಕೆ ಐದರಿಂದ ಹತ್ತು ಜನರಿಗೆ ಥೈರಾಯ್ಡ್ ಕೆಲಸ ಕಡಿಮೆಯಾಗುತ್ತದೆ. ಕೆಲವರಿಗೆ ಮೊದಲು ಎದೆ ಡವಡವ, ಬೆವರು, ತೂಕ ಇಳಿಯುವುದು. ಆಮೇಲೆ ಗ್ರಂಥಿ ಸೋತು ಸುಸ್ತು, ಚಳಿ, ಮಲಬದ್ಧತೆ, ಊತ. ಕ್ಯಾನ್ಸರ್ ಅಂದ ಮೇಲೆ ಸುಸ್ತು ಇದ್ದೇ ಇರುತ್ತದೆ ಎಂದು ಮನೆಯವರು ಬಿಟ್ಟುಬಿಡುತ್ತಾರೆ. ಕೆಲವು ವಾರಗಳಿಗೊಮ್ಮೆ ಟಿಎಸ್‌ಎಚ್ ಎಂಬ ಥೈರಾಯ್ಡ್ ರಕ್ತ ಪರೀಕ್ಷೆ ಬರೆಯುವುದು ಅದಕ್ಕೇ. ದುಡ್ಡು ಉಳಿಸಲು ಯಾವ ಪರೀಕ್ಷೆ ಬಿಡೋಣ ಎಂದು ಯೋಚಿಸುವವರು ಇದನ್ನು ಬಿಡಬೇಡಿ. ಸೋತ ಗ್ರಂಥಿ ಸಾಮಾನ್ಯವಾಗಿ ಮತ್ತೆ ಏಳುವುದಿಲ್ಲ. ಆದರೆ ಪರಿಹಾರ ಸುಲಭ. ದಿನಾ ಒಂದು ಥೈರಾಕ್ಸಿನ್ ಮಾತ್ರೆ, ಇಮ್ಯುನೋ ಇಂಜೆಕ್ಷನ್ ಮುಂದುವರಿಯುತ್ತದೆ. ಮಾತ್ರೆಯನ್ನು ಖಾಲಿ ಹೊಟ್ಟೆಗೆ ನೀರಿನಲ್ಲಿ ನುಂಗಿ, ಅರ್ಧದಿಂದ ಒಂದು ಗಂಟೆ ಬೇರೇನೂ ಕುಡಿಯಬಾರದು. ಮೈಸೂರಿನವರಿಗೆ ಕಷ್ಟದ ಭಾಗ ಇದೇ. ಎದ್ದ ತಕ್ಷಣ ಫಿಲ್ಟರ್ ಕಾಫಿ ಹೀರಿದರೆ ಮಾತ್ರೆ ಸರಿಯಾಗಿ ಮೈಗೆ ಹತ್ತುವುದಿಲ್ಲ.

ಪಿಟ್ಯುಟರಿ ಅಥವಾ ಕಿಡ್ನಿಯ ಮೇಲಿರುವ ಅಡ್ರಿನಲ್ ಗ್ರಂಥಿ ಸೋತರೆ ಇಷ್ಟು ಸಲೀಸಲ್ಲ. ಬಿಡದ ತಲೆನೋವು, ಎದ್ದು ನಿಂತರೆ ಕಣ್ಣು ಕತ್ತಲೆ, ಊಟ ಸೇರದು, ವಾಂತಿ, ವಿಪರೀತ ನಿಶ್ಶಕ್ತಿ. ದೇಹ ತಾನೇ ಮಾಡಿಕೊಳ್ಳುವ ಸ್ಟೀರಾಯ್ಡ್ ಎಷ್ಟಿದೆ ಎಂದು ನೋಡುವ ಬೆಳಗಿನ ಕಾರ್ಟಿಸಾಲ್ ಪರೀಕ್ಷೆಯಲ್ಲಿ ಸುಳಿವು ಸಿಗುತ್ತದೆ. ಇಂಥವರಿಗೆ ಅದರ ಬದಲಿಗೆ ಹೈಡ್ರೊಕಾರ್ಟಿಸೋನ್ ಮಾತ್ರೆ ಬೇಕು, ಹೆಚ್ಚಿನವರಿಗೆ ಜೀವನಪೂರ್ತಿ. ಥೈರಾಯ್ಡೂ ಜೊತೆಗೆ ಕಡಿಮೆಯಿದ್ದರೆ ಮೊದಲು ಹೈಡ್ರೊಕಾರ್ಟಿಸೋನ್ ಕೊಟ್ಟು ಆಮೇಲೆ ಥೈರಾಕ್ಸಿನ್ ಕೊಡಬೇಕು. ಜ್ವರ ಬಂದಾಗ, ಆಪರೇಷನ್ ಆದಾಗ ಡೋಸ್ ಹೆಚ್ಚಿಸಬೇಕಾಗುತ್ತದೆ. ಎಷ್ಟೆಂದು ಮೊದಲೇ ಬರೆಸಿಟ್ಟುಕೊಳ್ಳಿ. ಇನ್ನು ಶುಗರ್. ನೂರಕ್ಕೆ ಒಬ್ಬರಂತೆ ಅಪರೂಪಕ್ಕೆ ಮೇದೋಜೀರಕದ ಇನ್ಸುಲಿನ್ ಕೋಶಗಳೇ ನಾಶವಾಗುತ್ತವೆ. ಕೆಲವೇ ದಿನಗಳಲ್ಲಿ ತಡೆಯಲಾರದ ಬಾಯಾರಿಕೆ, ಪದೇ ಪದೇ ಮೂತ್ರ, ವಾಂತಿ, ಏದುಸಿರು. ಇದು ಊರಲ್ಲೆಲ್ಲ ಇರುವ ಮಾಮೂಲಿ ಸಕ್ಕರೆ ಕಾಯಿಲೆಯಲ್ಲ. ಮಾತ್ರೆ ಕೆಲಸ ಮಾಡುವುದಿಲ್ಲ, ಇನ್ಸುಲಿನ್ ಬೇಕು, ಅದೂ ತಕ್ಷಣ.

ಚರ್ಮದ್ದು ಎಲ್ಲಕ್ಕಿಂತ ಸಾಮಾನ್ಯ, ಸುಮಾರು ಮೂವರಲ್ಲಿ ಒಬ್ಬರಿಗೆ. ಹೆಚ್ಚಿನವರಿಗೆ ಮುಲಾಮು, ತುರಿಕೆ ಮಾತ್ರೆ ಸಾಕು. ಗುಳ್ಳೆ ಎದ್ದು ಚರ್ಮ ಸುಲಿದರೆ, ಬಾಯಿ ಅಥವಾ ಕಣ್ಣಿನಲ್ಲಿ ಹುಣ್ಣಾದರೆ ಮಾತ್ರ ಓಡಬೇಕು. ಕೀಲು ನೋವಿಗೂ ಮದ್ದಿದೆ. ಅಂಗಡಿಯ ನೋವಿನ ಮಾತ್ರೆ ದಿನಗಟ್ಟಲೆ ನುಂಗಿ ಕಿಡ್ನಿಗೆ ಹೊಡೆತ ಕೊಡಬೇಡಿ.

ಶ್ವಾಸಕೋಶದ್ದು ಹಗುರವಾಗಿ ನೋಡುವಂಥದ್ದಲ್ಲ. ಒಣ ಕೆಮ್ಮು, ಮೆಟ್ಟಿಲು ಹತ್ತಿದರೆ ಮೊದಲಿಲ್ಲದ ಏದುಸಿರು. ನಮ್ಮಲ್ಲಿ ಇದಕ್ಕೆ ಕಾರಣ ಹೇಳುವವರು ಬೇಕಾದಷ್ಟು ಜನ. ಚಳಿಗಾಲ, ಆಲೆಮನೆ ಹೊಗೆ, ಬೀಡಿ, ಟಿಬಿ. ಎಲ್ಲವೂ ಇರಬಹುದು, ಇಮ್ಯುನೋದಿಂದಲೂ ಇರಬಹುದು. ಸಿಟಿ ಸ್ಕ್ಯಾನ್ ಮಾಡಿ, ಕಫ ಪರೀಕ್ಷಿಸಿ ಬಿಡಿಸಿ ನೋಡಬೇಕು. ಎರಡು ಕೋರ್ಸ್ ಆಂಟಿಬಯಾಟಿಕ್ ಮುಗಿಯಲಿ ಎಂದು ಕಾಯುವ ಸಮಯವಲ್ಲ. ಇನ್ನೂ ಅಪರೂಪ ಹೃದಯದ ಉರಿಯೂತ, ನೂರಕ್ಕೆ ಒಬ್ಬರು ಅಥವಾ ಅದಕ್ಕಿಂತ ಕಡಿಮೆ. ಆದರೆ ಬಂದರೆ ಜೀವ ತೆಗೆಯುವುದು ಹೆಚ್ಚು. ಎದೆನೋವು, ಎದೆಬಡಿತ ತಪ್ಪುವುದು, ಮಲಗಿದರೆ ಉಸಿರು ಕಟ್ಟುವುದು. ಇದರ ಜೊತೆಗೇ ಕೆಲವರಿಗೆ ರೆಪ್ಪೆ ಜೋತುಬೀಳುತ್ತದೆ, ಒಂದು ವಸ್ತು ಎರಡಾಗಿ ಕಾಣುತ್ತದೆ, ನುಂಗಲು ಕಷ್ಟ, ಕತ್ತು ಎತ್ತಲಾಗದಷ್ಟು ಸ್ನಾಯುಗಳ ಸೋಲು. ಮೊದಲೆರಡು ಮೂರು ಡೋಸ್ ಒಳಗೇ ಬರುವುದು ಜಾಸ್ತಿ. ಇವುಗಳಲ್ಲಿ ಯಾವುದು ಕಂಡರೂ ಬೆಳಗಾಗಲಿ ಎನ್ನಬೇಡಿ, 108ಕ್ಕೆ ಕರೆ ಮಾಡಿ.

ಲಿವರ್ ಉರಿಯೂತ ಹೊರಗೆ ಕಾಣುವ ಮುಂಚೆ ರಕ್ತ ಪರೀಕ್ಷೆಯಲ್ಲಿ ಗೊತ್ತಾಗುತ್ತದೆ. ಪ್ರತಿ ಡೋಸಿಗೆ ಮುಂಚೆ ಲಿವರ್ ಪರೀಕ್ಷೆಯಾದ ಎಲ್‌ಎಫ್‌ಟಿ ನೋಡುವುದು ಅದಕ್ಕೆ. ಇಲ್ಲಿ ನನ್ನದೊಂದು ತಕರಾರಿದೆ. ಇಮ್ಯುನೋಥೆರಪಿ ಎಂದ ತಕ್ಷಣ ನೆಂಟರು "ಇಮ್ಯುನಿಟಿ ಹೆಚ್ಚಾಗಲಿ" ಎಂದು ಅಮೃತಬಳ್ಳಿ ಕಷಾಯದ ಬಾಟಲಿ ಹಿಡಿದು ಬರುತ್ತಾರೆ. ಪ್ರೀತಿ ದೊಡ್ಡದು, ಸರಿ. ಆದರೆ ಕೊರೊನಾ ಕಾಲದಲ್ಲಿ ಅಮೃತಬಳ್ಳಿ ಕುಡಿದವರಲ್ಲಿ ಕೆಲವರಿಗೆ ಇದೇ ತರಹದ, ಸ್ವಂತ ಪಡೆಯೇ ಎಬ್ಬಿಸಿದ ಲಿವರ್ ಉರಿಯೂತ ಆಗಿದ್ದನ್ನು ನಮ್ಮ ದೇಶದ ಲಿವರ್ ತಜ್ಞರೇ ವರದಿ ಮಾಡಿದ್ದಾರೆ. ತಡೆ ತೆಗೆದಿರುವ ದೇಹವನ್ನು ಇನ್ನಷ್ಟು ಕೆರಳಿಸುವುದು ಯಾಕೆ? ಎಲ್‌ಎಫ್‌ಟಿ ಏರಿದಾಗ ಇಂಜೆಕ್ಷನ್ನೋ ಕಷಾಯವೋ ಎಂದು ಡಾಕ್ಟರಿಗೂ ಗೊತ್ತಾಗುವುದಿಲ್ಲ. ಕುಡಿಯುತ್ತಿದ್ದರೆ ಮುಚ್ಚಿಡದೆ ಹೇಳಿ.

ನಮ್ಮ ಕಡೆ ಬಾಯಿ, ಗಂಟಲಿನ ಕ್ಯಾನ್ಸರ್‌ಗೆ ಈಗ ಕಡಿಮೆ ಡೋಸ್ ನಿವೊಲುಮ್ಯಾಬ್ ಮಾತೂ ಕೇಳಿಬರುತ್ತದೆ. ಮುಂಬೈಯ ಟಾಟಾ ಮೆಮೋರಿಯಲ್ ಆಸ್ಪತ್ರೆಯವರು ಮೂರು ವಾರಕ್ಕೊಮ್ಮೆ ಬರೀ 20 ಮಿಲಿಗ್ರಾಂ ಕೊಟ್ಟು ನೋಡಿದರು. ಮಾಮೂಲಿ ಡೋಸ್ ಎರಡು ವಾರಕ್ಕೆ 240. ಸಣ್ಣ ಡೋಸಿನ ಕೀಮೋ ಮಾತ್ರೆಗಳ ಜೊತೆ ಇದನ್ನು ಸೇರಿಸಿದಾಗ ಒಂದು ವರ್ಷ ಬದುಕುಳಿದವರ ಪ್ರಮಾಣ ಶೇಕಡಾ 16ರಿಂದ 43ಕ್ಕೆ ಏರಿತು. ಖರ್ಚಿನ ದೃಷ್ಟಿಯಿಂದ ಇದು ದೊಡ್ಡ ಸುದ್ದಿ. ಆದರೆ ಡೋಸ್ ಚಿಕ್ಕದು, ಎಚ್ಚರಿಕೆ ಬೇಡ ಎಂದು ಅರ್ಥವಲ್ಲ. ಅತ್ತ ಇಪಿಲಿಮುಮ್ಯಾಬ್ ಮತ್ತು ನಿವೊಲುಮ್ಯಾಬ್ ಎರಡನ್ನೂ ಒಟ್ಟಿಗೆ ಕೊಟ್ಟ ಮೆಲನೋಮ ಎಂಬ ಚರ್ಮದ ಕ್ಯಾನ್ಸರ್ ಅಧ್ಯಯನದಲ್ಲಿ ಅರ್ಧಕ್ಕಿಂತ ಹೆಚ್ಚು ಜನರಿಗೆ ಗ್ರೇಡ್ 3 ಅಥವಾ 4ರ ತೊಂದರೆ ಬಂತು. ಒಂದೇ ಔಷಧಿಯೋ, ಜೋಡಿಯೋ, ಕೀಮೋ ಜೊತೆಗೋ ಎಂಬುದು ಮನೆಯವರಿಗೆ ಗೊತ್ತಿರಲೇಬೇಕು. ಕೀಮೋ ಜೊತೆಗಿದ್ದರೆ ಬಿಳಿ ರಕ್ತಕಣ ಇಳಿದಿರಬಹುದು. ಆಗ 100.4 ಡಿಗ್ರಿ ದಾಟಿದ ಜ್ವರವೂ ತುರ್ತೇ.

ಹಳ್ಳಿಯಲ್ಲಿರುವವರಿಗೆ ನಾನು ಹೇಳುವುದಿಷ್ಟು. ಔಷಧಿಯ ಹೆಸರು, ಕೊನೆಯ ಡೋಸಿನ ತಾರೀಖು, ಕ್ಯಾನ್ಸರ್ ವಿಭಾಗದ ಫೋನ್ ನಂಬರ್ ಒಂದು ಚೀಟಿಯಲ್ಲಿ ಬರೆದು ಆಧಾರ್ ಕಾರ್ಡಿನ ಜೊತೆ ಇಡಿ, ಮೊಬೈಲಿನಲ್ಲಿ ಫೋಟೋ ತೆಗೆದಿಡಿ. ರಾತ್ರಿ ಮಂಡ್ಯದಲ್ಲೋ ಕೆ.ಆರ್. ಆಸ್ಪತ್ರೆಯಲ್ಲೋ ಎಮರ್ಜೆನ್ಸಿಗೆ ಹೋದರೆ ಡ್ಯೂಟಿ ಡಾಕ್ಟರಿಗೆ "ಕ್ಯಾನ್ಸರ್ ಪೇಷಂಟ್" ಎಂದರೆ ಸಾಲದು. "ಇಮ್ಯುನೋಥೆರಪಿ ನಡೀತಿದೆ, ಇಂಥ ಔಷಧಿ, ಇಂಥ ದಿನ ಕೊಟ್ಟಿದ್ದಾರೆ" ಎನ್ನಿ. ಹಲ್ಲಿನ ಡಾಕ್ಟರಿಗೂ, ಕಣ್ಣಿನ ಡಾಕ್ಟರಿಗೂ ಹೇಳಿ. ಮೊದಲೇ ಸೋರಿಯಾಸಿಸ್, ರುಮಟಾಯ್ಡ್ ಸಂಧಿವಾತ, ಕರುಳಿನ ಉರಿಯೂತದಂಥ ಕಾಯಿಲೆ ಇದ್ದರೆ ಅಥವಾ ಅಂಗ ಕಸಿ ಆಗಿದ್ದರೆ ಮೊದಲ ಡೋಸಿಗೆ ಮುಂಚೆಯೇ ತಿಳಿಸಬೇಕು. ಫ್ಲೂ ಲಸಿಕೆಯ ಇಂಜೆಕ್ಷನ್ ತೆಗೆದುಕೊಳ್ಳಬಹುದು. ಜೀವಂತ ವೈರಾಣು ಇರುವ ಲಸಿಕೆಗಳನ್ನು ಕೇಳದೆ ಹಾಕಿಸಿಕೊಳ್ಳಬೇಡಿ.

ಕೊನೆಗೆ ಎಲ್ಲರೂ ಕೇಳುವುದು, ಮತ್ತೆ ಶುರು ಮಾಡುತ್ತಾರಾ ಎಂದು. ಅದು ಯಾವ ಅಂಗ, ಎಷ್ಟು ತೀವ್ರ ಎಂಬುದರ ಮೇಲಿದೆ. ಥೈರಾಯ್ಡ್ ಆದರೆ ನಿಲ್ಲಿಸುವುದೇ ಅಪರೂಪ. ಗ್ರೇಡ್ 2ರ ಭೇದಿ, ಲಿವರ್, ಚರ್ಮದ ತೊಂದರೆ ಇಳಿದು, ಸ್ಟೀರಾಯ್ಡ್ ದಿನಕ್ಕೆ 10 ಮಿಲಿಗ್ರಾಂ ಅಥವಾ ಅದಕ್ಕಿಂತ ಕಡಿಮೆಗೆ ಬಂದ ಮೇಲೆ ಸಾಮಾನ್ಯವಾಗಿ ಮತ್ತೆ ಕೊಡುತ್ತಾರೆ. ಚಿಕ್ಕಪ್ಪನಿಗೆ ಹಾಗೆಯೇ ಆಯಿತು. ಹೃದಯಕ್ಕೆ ಬಂದಿದ್ದರೆ, ಶ್ವಾಸಕೋಶಕ್ಕೆ ತೀವ್ರವಾಗಿ ಬಂದಿದ್ದರೆ ಮತ್ತೆ ಕೊಡುವುದಿಲ್ಲ. ಹಾಗೆ ನಿಲ್ಲಿಸಿದ ಮಾತ್ರಕ್ಕೆ ಎಲ್ಲ ಮುಗಿಯಿತೆಂದಲ್ಲ. ಸೈಡ್ ಎಫೆಕ್ಟಿನಿಂದ ಮಧ್ಯದಲ್ಲೇ ಬಿಟ್ಟವರಲ್ಲೂ ಒಂದಷ್ಟು ಜನರ ಕ್ಯಾನ್ಸರ್ ಮುಂದೆ ತಿಂಗಳುಗಟ್ಟಲೆ, ವರ್ಷಗಟ್ಟಲೆ ಬೆಳೆಯದೆ ನಿಂತಿದೆ. ಎಬ್ಬಿಸಿದ ಟಿ ಕೋಶಗಳು ಇಂಜೆಕ್ಷನ್ ನಿಂತ ದಿನವೇ ಕೆಲಸ ಬಿಡುವುದಿಲ್ಲ.